ಎಲ್ಲರೂ ಒಟ್ಟಿಗೆ ಮಾತಾಡಿದರೆ: ಮೆಶ್ ರೇಡಿಯೋ ಮೋಡೆಮ್‌ಗಳಿಗೆ ಪಾಳಿ ಹಚ್ಚುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ಗಂಗಾವತಿ–ಕಾರಟಗಿ ಭಾಗ. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ವಿತರಣಾ ನಾಲೆಯ ಮೇಲೆ 14 ಕಡೆ ನೀರಿನ ಮಟ್ಟ ಅಳೆಯುವ ಸೆನ್ಸರ್, 8 ಕಡೆ ಪಂಪ್ ಸ್ಟಾರ್ಟರ್, ಒಟ್ಟು 22 ಮೆಶ್ ರೇಡಿಯೋ ಮೋಡೆಮ್ (ಒಂದರ ಸಂದೇಶವನ್ನು ಇನ್ನೊಂದು ಮುಂದಕ್ಕೆ ದಾಟಿಸುವಂಥವು) ಹಾಕಿದ್ದೇವೆ. 865 ಮೆಗಾಹರ್ಟ್ಸ್ ಬ್ಯಾಂಡ್, ವೇಗ 9.6 ಕೆಬಿಪಿಎಸ್. ರೀಡಿಂಗ್ ಎಲ್ಲ ಬಂದು ಸೇರುವ ಗೇಟ್‌ವೇ ಊರಿನ ಓವರ್‌ಹೆಡ್ ಟ್ಯಾಂಕ್ ಮೇಲಿದೆ. 15 ನಿಮಿಷಕ್ಕೊಮ್ಮೆ ರೀಡಿಂಗ್ ಬರಬೇಕು. ಒಂದೊಂದನ್ನೇ ಟೆಸ್ಟ್ ಮಾಡಿದರೆ ಎಲ್ಲವೂ ಸರಿ ಇದೆ. ಎಲ್ಲವನ್ನೂ ಆನ್ ಮಾಡಿದರೆ ಮೂರರಲ್ಲಿ ಒಂದು ರೀಡಿಂಗ್ ಕಾಣೆ. ಪವರ್ ಜಾಸ್ತಿ ಮಾಡಿದೆ, ರೀಟ್ರೈ 3 ಇದ್ದದ್ದನ್ನು 10 ಮಾಡಿದೆ. ಇನ್ನೂ ಕೆಟ್ಟಿತು. ಬೆಳಿಗ್ಗೆ ತ್ರೀ ಫೇಸ್ ಬಂದ ಹೊತ್ತಲ್ಲಂತೂ ಪೂರ್ತಿ ನಿಂತೇ ಹೋಗುತ್ತದೆ. ಚಾನೆಲ್ ಆಕ್ಸೆಸ್ ಪುಟದಲ್ಲಿ ಸಿಎಸ್‌ಎಂಎ, ಟಿಡಿಎಂಎ, ಥ್ರೆಶೋಲ್ಡ್, ಬ್ಯಾಕ್‌ಆಫ್, ಆರ್‌ಟಿಎಸ್ ಅಂತೆಲ್ಲ ಇದೆ. ಯಾವುದನ್ನು ಎಷ್ಟಿಡಬೇಕು?

ಉತ್ತರ: ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಒಂದೊಂದೇ ಆದರೆ ಸರಿ, ಒಟ್ಟಿಗೆ ಆದರೆ ಕೆಡುತ್ತದೆ. ಅಂದರೆ ಸಿಗ್ನಲ್ ತಲುಪುತ್ತಿದೆ, ಪಾಳಿ ತಪ್ಪುತ್ತಿದೆ. ಅದಕ್ಕೇ ಪವರ್ ಏರಿಸಿದ್ದು ಕೆಲಸಕ್ಕೆ ಬರಲಿಲ್ಲ. ಅದನ್ನು ಮೊದಲಿದ್ದ ಮಟ್ಟಕ್ಕೆ ಇಳಿಸಿ. ರೀಟ್ರೈಯನ್ನೂ 3ಕ್ಕೆ ತನ್ನಿ.

ಸೆಟ್ಟಿಂಗ್ ಪುಟ ತೆರೆಯುವ ಮುಂಚೆ ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮ ಒಂದು ರೀಡಿಂಗ್ ಹೆಡರ್ ಎಲ್ಲ ಸೇರಿ 100 ಬೈಟ್ ಅಂತ ಇಟ್ಟುಕೊಳ್ಳಿ. 9.6 ಕೆಬಿಪಿಎಸ್ ವೇಗದಲ್ಲಿ ಅದು ಗಾಳಿಯಲ್ಲಿರುವ ಹೊತ್ತು 83 ಮಿಲಿಸೆಕೆಂಡ್. ಮುಂಚಿನ ಪ್ರಿಯಾಂಬಲ್ (ಸಂದೇಶ ಬರುತ್ತಿದೆ ಅಂತ ಎಚ್ಚರಿಸುವ ಸಿಗ್ನಲ್), ಆಮೇಲಿನ ಅಕ್ನಾಲೆಜ್‌ಮೆಂಟ್ (ತಲುಪಿತು ಅನ್ನುವ ಮರುಉತ್ತರ) ಸೇರಿಸಿದರೆ ಸುಮಾರು 120. ಸರಾಸರಿ ಮೂರು ಹಾಪ್ (ಒಂದು ಮೋಡೆಮ್‌ನಿಂದ ಇನ್ನೊಂದಕ್ಕೆ ಒಂದು ಜಿಗಿತ) ದಾಟಿ ಗೇಟ್‌ವೇ ಮುಟ್ಟುತ್ತದೆ ಅಂದರೆ 22 ಮೋಡೆಮ್‌ಗಳ ಒಂದು ಸುತ್ತಿನ ಕೆಲಸ ಹೆಚ್ಚುಕಡಿಮೆ 8 ಸೆಕೆಂಡ್. ನಿಮ್ಮ ಹತ್ತಿರ ಇರುವುದು 15 ನಿಮಿಷ, ಅಂದರೆ 900 ಸೆಕೆಂಡ್. ನೂರಕ್ಕೆ ಒಂದು ಪಾಲೂ ಬಳಕೆಯಾಗುತ್ತಿಲ್ಲ. ಚಾನೆಲ್ ಖಾಲಿ ಬಿದ್ದಿದೆ ಅನ್ನಬೇಕು!

ಹಾಗಿದ್ದರೂ ಡಿಕ್ಕಿ, ಅಂದರೆ ಎರಡು ಸಂದೇಶ ಒಂದರ ಮೇಲೊಂದು ಬಿದ್ದು ಕೆಡುವುದು, ಯಾಕೆ? ಎಲ್ಲ ಸೆನ್ಸರ್‌ಗಳೂ ಗಡಿಯಾರ ನೋಡಿಕೊಂಡು ಸರಿಯಾಗಿ 00, 15, 30, 45ನೇ ನಿಮಿಷಕ್ಕೆ ಕಳಿಸುತ್ತಿವೆ. ನಿಮ್ಮ ಗೇಟ್‌ವೇ ಲಾಗ್ ತೆಗೆದು ಸೆಕೆಂಡಿನ ಕಾಲಂ ನೋಡಿ. ಬಂದ ರೀಡಿಂಗ್ ಎಲ್ಲ ಮೊದಲ ಕೆಲವು ಸೆಕೆಂಡಿನಲ್ಲೇ ಗುಂಪಾಗಿ ಬಿದ್ದಿರುತ್ತವೆ. ಅಲ್ಲಿಂದ ಮುಂದಿನ ಕಾಲು ಗಂಟೆ ಪೂರ್ತಿ ಖಾಲಿ. 8 ಸೆಕೆಂಡಿನ ಕೆಲಸವನ್ನು 22 ಮೋಡೆಮ್‌ಗಳು ಒಂದೇ ಕ್ಷಣಕ್ಕೆ ಶುರು ಮಾಡಿದರೆ ಯಾವ ಸಿಎಸ್‌ಎಂಎ (ಕಳಿಸುವ ಮುಂಚೆ ಚಾನೆಲ್ ಖಾಲಿ ಇದೆಯೇ ಅಂತ ಕೇಳಿ ನೋಡುವ ಪದ್ಧತಿ) ಬಂದರೂ ಬಿಡಿಸುವುದು ಕಷ್ಟ.

ನಾಲೆ ನೀರಿಗೆ ವಾರಾಬಂದಿ (ಸರದಿ ಪ್ರಕಾರ ನೀರು ಹಂಚುವುದು) ಮಾಡುತ್ತೀರಲ್ಲ, ಅದನ್ನೇ ಇಲ್ಲಿಯೂ ಮಾಡಿ. ಪ್ರತಿ ಮೋಡೆಮ್‌ಗೆ ಒಂದು ನಂಬರ್ ಕೊಡಿ. ನಂಬರನ್ನು 40 ಸೆಕೆಂಡಿನಿಂದ ಗುಣಿಸಿ. 1ನೇದು 40ನೇ ಸೆಕೆಂಡಿಗೆ, 2ನೇದು 80ಕ್ಕೆ, 22ನೇದು 880ಕ್ಕೆ. ಅಷ್ಟರಲ್ಲಿ 900 ತುಂಬುವುದಿಲ್ಲ. ಅಳತೆ ಮಾತ್ರ ಎಲ್ಲರೂ 00ಕ್ಕೇ ಮಾಡಲಿ, ಆ ಸಮಯದ ಮುದ್ರೆಯೂ ರೀಡಿಂಗ್ ಜೊತೆಗೇ ಹೋಗಲಿ. ಕಳಿಸುವುದು ಮಾತ್ರ ತನ್ನ ಪಾಳಿಯಲ್ಲಿ. ಇದಕ್ಕೆ ಚಾನೆಲ್ ಆಕ್ಸೆಸ್ ಪುಟದ ಒಂದು ಸಂಖ್ಯೆಯನ್ನೂ ಮುಟ್ಟಬೇಕಾಗಿಲ್ಲ, ಸೆನ್ಸರ್ ಬೋರ್ಡಿನ ಪ್ರೋಗ್ರಾಂ ಬದಲಿಸಿದರೆ ಸಾಕು. ನನ್ನ ಪ್ರಕಾರ ನಿಮ್ಮ ತೊಂದರೆಯ ಬಹುಪಾಲು ಇಲ್ಲಿಗೇ ಮುಗಿಯುತ್ತದೆ.

ಗಡಿಯಾರ ತಪ್ಪಿದರೆ ಏನು ಗತಿ ಅಂತ ಕೇಳಬಹುದು. ಕೇಳಲೇಬೇಕು. ಬೋರ್ಡಿನ ಮೇಲಿನ ಸಾಮಾನ್ಯ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ 25 ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿ ಓಡುತ್ತದೆ. ಬಿಸಿ ಆದಷ್ಟೂ, ತಂಪಾದಷ್ಟೂ ನಿಧಾನ. ನಮ್ಮ ಕಡೆ ಏಪ್ರಿಲ್–ಮೇ ಬಿಸಿಲಲ್ಲಿ ಕಂಬದ ಮೇಲಿನ ಕಬ್ಬಿಣದ ಡಬ್ಬಿ ಒಳಗೆ 60 ಡಿಗ್ರಿ ಆಗುವುದು ದೊಡ್ಡ ಮಾತಲ್ಲ. ಆ ಬಿಸಿಯಲ್ಲಿ ಅದು ಹತ್ತು ಲಕ್ಷಕ್ಕೆ 40ರಷ್ಟು ಹಿಂದೆ ಬೀಳುತ್ತದೆ. ಇಡೀ ದಿನ ಹಾಗೇ ಇದ್ದರೂ ಮೂರೂವರೆ ಸೆಕೆಂಡ್ ವ್ಯತ್ಯಾಸ. 40 ಸೆಕೆಂಡಿನ ಪಾಳಿಯಲ್ಲಿ ಅದು ಲೆಕ್ಕಕ್ಕಿಲ್ಲ. ದಿನಕ್ಕೊಮ್ಮೆ ಗೇಟ್‌ವೇಯಿಂದ ಟೈಮ್ ಕಳಿಸಿದರೆ ನಡೆಯುತ್ತದೆ.

ಇದೇ ಲೆಕ್ಕ ಟಿಡಿಎಂಎಗೆ, ಅಂದರೆ ಮೋಡೆಮ್‌ಗಳೇ ಹೊತ್ತನ್ನು ಸಣ್ಣ ಸ್ಲಾಟ್‌ಗಳಾಗಿ ಹಂಚಿಕೊಂಡು ಒಂದೊಂದೂ ತನ್ನ ಸ್ಲಾಟಿನಲ್ಲಿ ಮಾತ್ರ ಕಳಿಸುವ ಪದ್ಧತಿಗೆ, ಬಂದಾಗ ಬೇರೆ ಆಗುತ್ತದೆ. ಅಲ್ಲಿ ಒಂದೊಂದು ಸ್ಲಾಟ್ 150 ಮಿಲಿಸೆಕೆಂಡ್ ಇದೆ ಅಂದುಕೊಳ್ಳಿ. ಆ ಬಿಸಿ ಡಬ್ಬಿಯ ಗಡಿಯಾರ ಒಂದೇ ಗಂಟೆಯಲ್ಲಿ 144 ಮಿಲಿಸೆಕೆಂಡ್ ಜಾರುತ್ತದೆ. ಹೆಚ್ಚುಕಡಿಮೆ ಇಡೀ ಸ್ಲಾಟ್! ಅದಕ್ಕೇ ಟಿಡಿಎಂಎ ಬೇಕಾದವರು ನಿಮಿಷಕ್ಕೊಮ್ಮೆಯಾದರೂ ಗೇಟ್‌ವೇ ಬೀಕನ್‌ನಿಂದ (ಆಗಾಗ ಹೊರಡುವ ಟೈಮ್ ಸಂದೇಶ) ಟೈಮ್ ಹೊಂದಿಸಬೇಕು, ಇಲ್ಲವೇ ಪ್ರತಿ ಮೋಡೆಮ್‌ಗೂ ಜಿಪಿಎಸ್ ಕೊಡಬೇಕು. ನಿಮಿಷಕ್ಕೊಮ್ಮೆ ಹೊಂದಿಸಿದರೆ ಜಾರುವುದು 2.4 ಮಿಲಿಸೆಕೆಂಡ್ ಅಷ್ಟೆ, ಸ್ಲಾಟಿನ ಅಂಚಿನಲ್ಲಿ 5 ಮಿಲಿಸೆಕೆಂಡ್ ಖಾಲಿ ಬಿಟ್ಟರೆ ಸಾಕು. ಬೀಕನ್ ತಪ್ಪಿದ ಮೋಡೆಮ್ ಏನು ಮಾಡಬೇಕು, ಹೊಸ ಮೋಡೆಮ್ ಸೇರಿದರೆ ಯಾವ ಸ್ಲಾಟ್ ಅನ್ನುವ ತಲೆನೋವು ಬೇರೆ. ನೂರಾರು ಮೋಡೆಮ್ ಇದ್ದು, ಸೆಕೆಂಡಿನೊಳಗೆ ಉತ್ತರ ಬರಲೇಬೇಕು ಅನ್ನುವ ಕಡೆ ಅದು ಸರಿ. ನಿಮ್ಮ 22ಕ್ಕೆ ಬೇಡ. ಸಿಎಸ್‌ಎಂಎ ಇಟ್ಟುಕೊಳ್ಳಿ, ಮೇಲೆ ಈ 40 ಸೆಕೆಂಡಿನ ಪಾಳಿ ಇರಲಿ.

ಈಗ ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ ಒಟ್ಟಿಗೆ ಕಳಿಸುವ ಸಂದೇಶ. ಮೋಡೆಮ್‌ಗಳ ಡೆಸ್ಟಿನೇಶನ್ ಅಡ್ರೆಸ್ ಏನಿದೆ ನೋಡಿ. ಎಷ್ಟೋ ಮಂದಿ ಮೊದಲ ಟೆಸ್ಟಿಗೆ ಬ್ರಾಡ್‌ಕಾಸ್ಟ್ ಅಡ್ರೆಸ್ ಹಾಕಿ, ಡೇಟಾ ಬಂತು ಅಂತ ಹಾಗೇ ಬಿಟ್ಟುಬಿಡುತ್ತಾರೆ. ಮೆಶ್‌ನಲ್ಲಿ ಬ್ರಾಡ್‌ಕಾಸ್ಟ್ ಅಂದರೆ ಕೇಳಿಸಿಕೊಂಡ ಪ್ರತಿ ಮೋಡೆಮ್ ಅದನ್ನು ಮತ್ತೆ ಕೂಗುತ್ತದೆ. ಅದಕ್ಕೆ ಅಕ್ನಾಲೆಜ್‌ಮೆಂಟ್ ಇಲ್ಲದ ಕಾರಣ, ತಲುಪಲಿ ಅಂತ ಒಂದೊಂದೂ ಇನ್ನೂ ಮೂರು ಸಲ ಮತ್ತೆ ಕಳಿಸುವ ಸೆಟ್ಟಿಂಗ್ ಬೇರೆ ಇರುತ್ತದೆ. 22 ಮೋಡೆಮ್, ತಲಾ 4 ಸಲ, ಒಟ್ಟು 88 ಸಲ. ತಲಾ 100 ಮಿಲಿಸೆಕೆಂಡ್ ಹಿಡಿದರೂ ಒಂದೇ ಒಂದು ಬ್ರಾಡ್‌ಕಾಸ್ಟ್‌ಗೆ ಸುಮಾರು 9 ಸೆಕೆಂಡ್. ಮೇಲೆ ಹೇಳಿದ ಇಡೀ ಸುತ್ತಿನ ಕೆಲಸಕ್ಕಿಂತ ಇದೇ ಜಾಸ್ತಿ! ಹಾಗಾಗಿ ಸೆನ್ಸರ್‌ಗಳೆಲ್ಲ ಗೇಟ್‌ವೇ ಅಡ್ರೆಸ್ಸಿಗೇ ಕಳಿಸಲಿ. ಬ್ರಾಡ್‌ಕಾಸ್ಟ್ ಇರುವುದು ದಿನಕ್ಕೊಂದು ಟೈಮ್ ಸಂದೇಶಕ್ಕೆ ಮಾತ್ರ.

ರೀಟ್ರೈ ಏರಿಸಿದಾಗ ಯಾಕೆ ಕೆಟ್ಟಿತು ಅನ್ನುವುದಕ್ಕೂ ಇದೇ ಕಾರಣ. ರೀಟ್ರೈ ಒಂದೇ ಕಡೆ ಇರುವುದಿಲ್ಲ. ಹಾಪ್ ಮಟ್ಟದಲ್ಲಿ ಒಂದು, ಮೆಶ್ ಮಟ್ಟದಲ್ಲಿ ಈ ತುದಿಯಿಂದ ಆ ತುದಿಗೆ ಇನ್ನೊಂದು, ನಿಮ್ಮ ಪ್ರೋಗ್ರಾಂನಲ್ಲಿ ಮತ್ತೊಂದು. ಇವು ಕೂಡುವುದಿಲ್ಲ, ಗುಣಿಸುತ್ತವೆ. 10, 2, 3 ಅಂತ ಇದ್ದರೆ 60. ಅದೂ ಸಾಲದು ಅಂತ, ಹಾಪ್ ಸೋತಾಗ ದಾರಿಯೇ ಕೆಟ್ಟಿದೆ ಅಂದುಕೊಂಡು ಮೋಡೆಮ್ ಹೊಸ ದಾರಿ ಹುಡುಕಲು ಬ್ರಾಡ್‌ಕಾಸ್ಟ್ ಬಿಡುತ್ತದೆ. ಡಿಕ್ಕಿಯಿಂದ ಡಿಕ್ಕಿ ಹುಟ್ಟುತ್ತದೆ. ಹಾಪ್ ಮಟ್ಟದಲ್ಲಿ 2 ಅಥವಾ 3, ಮೆಶ್ ಮಟ್ಟದಲ್ಲಿ 1, ಪ್ರೋಗ್ರಾಂನಲ್ಲಿ ಸೊನ್ನೆ ಇಡಿ. ಪ್ರೋಗ್ರಾಂನಲ್ಲಿ ಸೊನ್ನೆ ಅಂದರೆ ಹೆದರಬೇಡಿ. ಅದರ ಬದಲು ಪ್ರತಿ ಪ್ಯಾಕೆಟ್‌ನಲ್ಲಿ ಈಗಿನ ರೀಡಿಂಗ್ ಜೊತೆ ಹಿಂದಿನ ರೀಡಿಂಗನ್ನೂ ಸೇರಿಸಿ. ಜಾಸ್ತಿಯಾಗುವುದು ಕೆಲವೇ ಬೈಟ್. ನೂರಕ್ಕೆ ಐದು ಪ್ಯಾಕೆಟ್ ಕಳೆದುಹೋಗುತ್ತಿದ್ದರೂ, ಸತತ ಎರಡು ಕಳೆಯುವುದು 400ಕ್ಕೆ ಒಂದು ಸಲ. ನಾಲೆಯ ನೀರಿನ ಮಟ್ಟಕ್ಕೆ 15 ನಿಮಿಷ ತಡವಾದರೆ ಏನೂ ಮುಳುಗಿಹೋಗುವುದಿಲ್ಲ.

ಇಷ್ಟು ಮಾಡಿ ಒಂದು ದಿನ ಬಿಟ್ಟು ನೋಡಿ. ಆಮೇಲೂ ಕೆಲವು ಮೋಡೆಮ್ ತಪ್ಪುತ್ತಿದ್ದರೆ ಚಾನೆಲ್ ಆಕ್ಸೆಸ್ ಪುಟಕ್ಕೆ ಬರೋಣ. ಆದರೆ ಕುರುಡಾಗಿ ಸಂಖ್ಯೆ ತಿರುಗಿಸಬೇಡಿ. ಮೋಡೆಮ್ ಒಳಗೆ ಎರಡು ಕೌಂಟರ್ ಇರುತ್ತವೆ, ಹೆಸರು ಕಂಪನಿಯಿಂದ ಕಂಪನಿಗೆ ಬೇರೆ. ಒಂದು, ಚಾನೆಲ್ ಖಾಲಿ ಸಿಗದೆ ಕಳಿಸಲಾಗಲಿಲ್ಲ ಅನ್ನುವುದು, ಅಂದರೆ ಸಿಸಿಎ ಫೇಲ್. ಇನ್ನೊಂದು, ಕಳಿಸಿದೆ ಆದರೆ ಅಕ್ನಾಲೆಜ್‌ಮೆಂಟ್ ಬರಲಿಲ್ಲ ಅನ್ನುವುದು. ಎರಡನ್ನೂ ಸೊನ್ನೆ ಮಾಡಿ, ಮರುದಿನ ಓದಿ. ಸಿಸಿಎ ಫೇಲ್ ಏರಿದ್ದರೆ ಆ ಜಾಗದಲ್ಲಿ ಗದ್ದಲ ಇದೆ ಅಥವಾ ಥ್ರೆಶೋಲ್ಡ್ ತಪ್ಪಿದೆ. ಅಕ್ನಾಲೆಜ್‌ಮೆಂಟ್ ಫೇಲ್ ಏರಿದ್ದರೆ ಡಿಕ್ಕಿ, ಇಲ್ಲವೇ ಲಿಂಕೇ ದುರ್ಬಲ. ಎರಡಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಇನ್ನೂ ಕೆಡುತ್ತದೆ.

ಥ್ರೆಶೋಲ್ಡ್ ಅಂದರೆ ಎಷ್ಟು ಸದ್ದು ಕೇಳಿದರೆ ಚಾನೆಲ್ ಬಿಜಿ ಅಂತ ತಿಳಿಯಬೇಕು ಅನ್ನುವ ಗೆರೆ. ಅದನ್ನು ಆಫೀಸಿನಲ್ಲಿ ಕೂತು ಇಡಲಾಗದು. ಪ್ರತಿ ಕಂಬದ ಹತ್ತಿರ, ಯಾರೂ ಕಳಿಸದ ಹೊತ್ತಲ್ಲಿ, ಸುಮ್ನೆ ಹಿನ್ನೆಲೆ ಗದ್ದಲ ಎಷ್ಟಿದೆ ಅಂತ ಬರೆದುಕೊಳ್ಳಿ. ಪಂಪ್ ನಿಂತಾಗ ಒಂದು ಸಲ, ಪಂಪ್ ಓಡುವಾಗ ಒಂದು ಸಲ. ಗದ್ದಲ ಮೈನಸ್ 105 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಜಾಸ್ತಿ) ಇದೆ, ಅಲ್ಲಿಗೆ ಕೇಳುವ ಅತಿ ದುರ್ಬಲ ನೆರೆಯ ಮೋಡೆಮ್ ಮೈನಸ್ 90 ಇದೆ ಅನ್ನಿ. ಗೆರೆ ಮೈನಸ್ 95ರಲ್ಲಿರಲಿ. ಗದ್ದಲಕ್ಕಿಂತ 10 ಮೇಲೆ, ನೆರೆಯವನಿಗಿಂತ 5 ಕೆಳಗೆ. ಗೆರೆ ಮೈನಸ್ 110ಕ್ಕೆ ಇಳಿದರೆ ಮೋಡೆಮ್‌ಗೆ ಯಾವಾಗಲೂ ಬಿಜಿ, ಬಾಯಿ ತೆಗೆಯುವುದೇ ಇಲ್ಲ. ಮೈನಸ್ 70ಕ್ಕೆ ಏರಿಸಿದರೆ ಪಕ್ಕದವನು ಮಾತಾಡುತ್ತಿದ್ದರೂ ಕೇಳಿಸದೆ ಮೇಲೆ ಬೀಳುತ್ತದೆ.

ಗದ್ದಲ ಎಲ್ಲಿಂದ ಬರುತ್ತದೆ ಅಂದರೆ, ನಮ್ಮ ದೇಶದಲ್ಲಿ ಈ ಬ್ಯಾಂಡಿನ ಪಕ್ಕದಲ್ಲೇ ಮೊಬೈಲ್ ಟವರ್ ಇದೆ. 869 ಮೆಗಾಹರ್ಟ್ಸ್‌ನಿಂದ ಮೇಲೆ 4ಜಿ ಟವರ್ ಫೋನಿನ ಕಡೆಗೆ ಕಳಿಸುವ ಸಿಗ್ನಲ್. ನಿಮ್ಮ ಓವರ್‌ಹೆಡ್ ಟ್ಯಾಂಕ್ ಪಕ್ಕದಲ್ಲೋ ಎದುರಿನ ಬಿಲ್ಡಿಂಗ್ ಮೇಲೋ ಟವರ್ ಇದ್ದರೆ ಗೇಟ್‌ವೇಯ ಕಿವಿ ಕಿವುಡಾಗುತ್ತದೆ. ಅಲ್ಲಿ ಥ್ರೆಶೋಲ್ಡ್ ತಿರುಗಿಸಿ ಉಪಯೋಗವಿಲ್ಲ. ಆಂಟೆನಾ ಜಾಗ ಬದಲಿಸಿ, ಇಲ್ಲವೇ ಬೇಕಾದ ಬ್ಯಾಂಡನ್ನು ಮಾತ್ರ ಒಳಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿ. ಬ್ಯಾಂಡಿನ ಒಳಗೂ ನೀವೊಬ್ಬರೇ ಇಲ್ಲ. ಹೆದ್ದಾರಿ ಟೋಲ್ ಗೇಟಿನ ಫಾಸ್ಟ್ಯಾಗ್ ರೀಡರ್ ಇದೇ 865–867ರಲ್ಲಿ ಓದುತ್ತದೆ. ಲೋರಾವಾನ್ (ದೂರದ ಸೆನ್ಸರ್‌ಗಳಿಗೆ ಬಳಸುವ ಇನ್ನೊಂದು ರೇಡಿಯೋ ಜಾಲ) ಸಾಧನಗಳು ಮೊದಲು ಹತ್ತುವುದು 865.0625, 865.4025, 865.985 ಈ ಮೂರರ ಮೇಲೆ. ಚಾನೆಲ್ ಆರಿಸುವಾಗ ಈ ಮೂರನ್ನೂ ಬಿಟ್ಟು ಬೇರೆ ಕಡೆ ಹೋಗಿ.

ಪವರ್ ಬಗ್ಗೆ ಒಂದು ಮಾತು. ಲೈಸೆನ್ಸ್ ಇಲ್ಲದೆ ಬಳಸಲು ಇಲ್ಲಿ ಮಿತಿ ಟ್ರಾನ್ಸ್‌ಮಿಟರ್ 1 ವ್ಯಾಟ್, ಆಂಟೆನಾದ ಗಳಿಕೆ ಸೇರಿ ಇಆರ್‌ಪಿ 4 ವ್ಯಾಟ್, ಒಂದು ಚಾನೆಲ್‌ನ ಅಗಲ 200 ಕಿಲೋಹರ್ಟ್ಸ್. ಜೊತೆಗೆ ಮೋಡೆಮ್‌ಗೆ ಡಬ್ಲ್ಯುಪಿಸಿಯ (ಕೇಂದ್ರ ಸರ್ಕಾರದ ರೇಡಿಯೋ ವಿಭಾಗ) ಇಟಿಎ ಅನ್ನುವ ಸಾಧನ ಅನುಮೋದನೆ ಇರಬೇಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಅಮೆರಿಕದ 902–928 ಮೋಡೆಮ್ ಮಾತ್ರ ತರಬೇಡಿ, ಇಲ್ಲಿ 890ರಿಂದ 915ರವರೆಗೆ ಮೊಬೈಲ್ ಫೋನುಗಳು ಟವರ್‌ಗೆ ಮಾತಾಡುವ ಜಾಗ.

ಅಕ್ನಾಲೆಜ್‌ಮೆಂಟ್ ಫೇಲ್ ಜಾಸ್ತಿ ಇದ್ದರೆ ನನ್ನ ಅನುಮಾನ ನಿಮ್ಮ ಟ್ಯಾಂಕ್ ಮೇಲೆ. ಗಂಗಾವತಿ–ಆನೆಗೊಂದಿ ಕಡೆಯ ಬಂಡೆಗುಡ್ಡ ಗೊತ್ತಲ್ಲ. ಗುಡ್ಡದ ಈಚೆ ಒಂದು ಮೋಡೆಮ್, ಆಚೆ ಒಂದು. ಟ್ಯಾಂಕ್ ಎತ್ತರದಲ್ಲಿರುವುದರಿಂದ ಅದಕ್ಕೆ ಎರಡೂ ಕೇಳುತ್ತವೆ. ಗದ್ದೆ ಮಟ್ಟದಲ್ಲಿರುವ ಅವೆರಡಕ್ಕೆ ಮಾತ್ರ ಒಂದಕ್ಕೊಂದು ಕೇಳುವುದಿಲ್ಲ. ಎರಡೂ ಕಿವಿಗೊಟ್ಟು ನೋಡುತ್ತವೆ, ಖಾಲಿ ಇದೆ ಅಂದುಕೊಳ್ಳುತ್ತವೆ, ಒಟ್ಟಿಗೆ ಕಳಿಸುತ್ತವೆ, ಟ್ಯಾಂಕ್ ಮೇಲೆ ಡಿಕ್ಕಿ. ಮೋಡೆಮ್ ಕೇಳುವುದು ತಾನಿರುವ ಕಡೆ, ಡಿಕ್ಕಿ ಆಗುವುದು ಗೇಟ್‌ವೇ ಇರುವ ಕಡೆ. ಇದೇ ಹಿಡನ್ ನೋಡ್. ಗೇಟ್‌ವೇ ಎತ್ತರಕ್ಕೆ ಹೋದಷ್ಟೂ ಇಂಥ ಜೋಡಿಗಳು ಜಾಸ್ತಿಯಾಗುತ್ತವೆ, ವಿಚಿತ್ರ ಆದರೂ ನಿಜ. 1971ರಲ್ಲಿ ಹವಾಯಿ ದ್ವೀಪಗಳ ಕಂಪ್ಯೂಟರ್‌ಗಳನ್ನು ರೇಡಿಯೋದಿಂದ ಜೋಡಿಸಿದ ಅಲೋಹಾ ಜಾಲದ್ದೂ ಇದೇ ಅವಸ್ಥೆ. ಯಾರು ಯಾವಾಗ ಬೇಕಾದರೂ ಕಳಿಸಬಹುದು ಅನ್ನುವ ಆ ಪದ್ಧತಿಯಲ್ಲಿ ಚಾನೆಲ್‌ನ ಶೇಕಡಾ 18ಕ್ಕಿಂತ ಹೆಚ್ಚು ಕೆಲಸಕ್ಕೆ ಸಿಗುವುದಿಲ್ಲ. ಒಬ್ಬರಿಗೊಬ್ಬರು ಕೇಳದ ಕಡೆ ಸಿಎಸ್‌ಎಂಎ ಕೂಡ ಅಲ್ಲಿಗೇ ಬಂದು ನಿಲ್ಲುತ್ತದೆ.

ಪತ್ತೆ ಹಚ್ಚುವುದು ಸುಲಭ. ಪ್ರತಿ ಮೋಡೆಮ್‌ನ ನೆರೆಯವರ ಪಟ್ಟಿ ತೆಗೆದು ಒಂದು ದೊಡ್ಡ ಹಾಳೆಯಲ್ಲಿ ಯಾರಿಗೆ ಯಾರು ಕೇಳುತ್ತಾರೆ ಅಂತ ಕೋಷ್ಟಕ ಬರೆಯಿರಿ. ಗೇಟ್‌ವೇಗೆ ನೇರ ಕೇಳುವ, ಆದರೆ ಒಂದಕ್ಕೊಂದು ಕೇಳದ ಜೋಡಿಗಳಿಗೆ ಕೆಂಪು ಗೆರೆ ಎಳೆಯಿರಿ. ಪಾಳಿ ನಂಬರ್ ಕೊಡುವಾಗ ಆ ಜೋಡಿಗಳು ಅಕ್ಕಪಕ್ಕ ಬಾರದಂತೆ ನೋಡಿಕೊಳ್ಳಿ. ಆಂಟೆನಾ ಎತ್ತರಿಸಲು ಆದರೆ ಇನ್ನೂ ಒಳ್ಳೆಯದು. 3 ಕಿಲೋಮೀಟರ್ ಲಿಂಕಿನ ನಡುವೆ ಈ ಬ್ಯಾಂಡಿನ ಫ್ರೆನೆಲ್ ವಲಯದ (ಸಿಗ್ನಲ್ ಸಾಗಲು ಬಹುಪಾಲು ಅಡ್ಡಿಯಿಲ್ಲದೆ ಇರಬೇಕಾದ ಜಾಗ) ತ್ರಿಜ್ಯ ಸುಮಾರು 16 ಮೀಟರ್. ನಾಲ್ಕು ಮೀಟರ್ ಕಂಬದ ಮೇಲೆ ಅದು ಎಲ್ಲಿ ಸಿಗಬೇಕು?

ಬ್ಯಾಕ್‌ಆಫ್ ಅಂದರೆ ಕಳಿಸುವ ಮುಂಚೆ ಕಾಯಲು ಮೋಡೆಮ್ ತಾನೇ ಎತ್ತಿಕೊಳ್ಳುವ ಚೀಟಿ. 802.15.4 ಅನ್ನುವ ಕಡಿಮೆ ಶಕ್ತಿಯ ರೇಡಿಯೋ ಮಾನದಂಡದಲ್ಲಿ ಕನಿಷ್ಠ ಎಕ್ಸ್‌ಪೊನೆಂಟ್ 3, ಗರಿಷ್ಠ 5 ಅಂತ ಬಂದಿರುತ್ತದೆ. 3 ಅಂದರೆ 2ನ್ನು ಮೂರು ಸಲ ಗುಣಿಸಿದ 8 ಚೀಟಿ, 5 ಅಂದರೆ 32. ಒಂದೇ ಹೊತ್ತಿಗೆ 5 ಮೋಡೆಮ್ ಕಾದಿದ್ದರೆ, 8 ಚೀಟಿಯಲ್ಲಿ ಯಾರಾದರೂ ಇಬ್ಬರು ಒಂದೇ ಚೀಟಿ ಎತ್ತುವ ಸಾಧ್ಯತೆ ಶೇಕಡಾ 80ರ ಹತ್ತಿರ. 32 ಚೀಟಿ ಇದ್ದರೆ ಶೇಕಡಾ 28. ಹಾಗಾಗಿ ಕನಿಷ್ಠವನ್ನು 4 ಅಥವಾ 5ಕ್ಕೆ ಏರಿಸಿದರೆ ಲಾಭವೇ. ಒಂದು ಎಚ್ಚರ. 2.4 ಗಿಗಾಹರ್ಟ್ಸ್‌ನಲ್ಲಿ ಆ ಒಂದು ಚೀಟಿಯ ಅಳತೆ 320 ಮೈಕ್ರೋಸೆಕೆಂಡ್, ಪ್ಯಾಕೆಟ್ ಎಷ್ಟೇ ಉದ್ದ ಇದ್ದರೂ ನಾಲ್ಕೂಕಾಲು ಮಿಲಿಸೆಕೆಂಡ್ ದಾಟುವುದಿಲ್ಲ. ನಿಮ್ಮದು 100 ಮಿಲಿಸೆಕೆಂಡಿನ ಪ್ಯಾಕೆಟ್. ಒಬ್ಬರಿಗೊಬ್ಬರು ಕೇಳುವ ಮೋಡೆಮ್‌ಗಳಿಗೆ ಚೀಟಿ ಚಿಕ್ಕದಿದ್ದರೂ ನಡೆಯುತ್ತದೆ, ಕೇಳದ ಜೋಡಿಗಳಿಗೆ ನಡೆಯುವುದಿಲ್ಲ. ಅವುಗಳ ಕಾಯುವ ಅವಧಿ ಪ್ಯಾಕೆಟ್ಟಿನ ಉದ್ದದ ಮೂರ್ನಾಲ್ಕು ಪಟ್ಟಾದರೂ ಇರಬೇಕು. ನಿಮ್ಮ ಮೋಡೆಮ್‌ನಲ್ಲಿ ಚೀಟಿಯ ಅಳತೆ ಮಿಲಿಸೆಕೆಂಡಿನಲ್ಲಿ ಕೊಡಲು ಬಂದರೆ ಆ ಲೆಕ್ಕದಲ್ಲಿ ಕೊಡಿ.

ಆರ್‌ಟಿಎಸ್–ಸಿಟಿಎಸ್ ಆಫ್ ಇರಲಿ. 100 ಬೈಟ್ ಕಳಿಸಲು ಮೊದಲು ಅನುಮತಿ ಕೇಳಿ, ಉತ್ತರ ಕಾದು, ಆಮೇಲೆ ಕಳಿಸುವುದು ದುಂದು. ಮುಂದೆ ದೊಡ್ಡ ಲಾಗ್ ಫೈಲ್ ಎಳೆಯುವ ಕೆಲಸ ಬಂದರೆ ಆಗ ನೋಡೋಣ.

ತ್ರೀ ಫೇಸ್ ಬಂದಾಗ ನಿಲ್ಲುತ್ತದೆ ಅಂದಿರಲ್ಲ, ಅದು ಬೇರೆಯದೇ ಕತೆ. ನಿಮ್ಮ 8 ಪಂಪ್ ಮೋಡೆಮ್‌ಗೆ ಸ್ಟಾರ್ಟರ್ ಪ್ಯಾನೆಲ್‌ನಿಂದಲೇ ಕರೆಂಟ್ ಕೊಟ್ಟಿರಬೇಕು. ಲೈನ್ ಬಂದ ಕ್ಷಣ ಎಂಟೂ ಒಟ್ಟಿಗೆ ಎದ್ದು, ಒಟ್ಟಿಗೆ ದಾರಿ ಹುಡುಕುತ್ತವೆ. ಅಂದರೆ ಒಂದೇ ಸೆಕೆಂಡಿನಲ್ಲಿ ಎಂಟು ಬ್ರಾಡ್‌ಕಾಸ್ಟ್! ಎದ್ದ ಮೇಲೆ 0ಯಿಂದ 180 ಸೆಕೆಂಡಿನ ನಡುವೆ ಯಾವುದಾದರೂ ಹೊತ್ತಿಗೆ ಶುರುವಾಗುವಂತೆ ಪ್ರೋಗ್ರಾಂ ಬರೆಯಿರಿ. ಇಲ್ಲಿ ಒಂದು ಹಳ್ಳ ಇದೆ. ರ‍್ಯಾಂಡಮ್ ಸಂಖ್ಯೆಯ ಬೀಜವನ್ನು (ಅದರ ಲೆಕ್ಕ ಶುರುವಾಗುವ ಮೊದಲ ಸಂಖ್ಯೆ) ಸೊನ್ನೆಗೋ ಗಡಿಯಾರಕ್ಕೋ ಬಿಟ್ಟರೆ, ಕರೆಂಟ್ ಬಂದ ಕ್ಷಣ ಎಲ್ಲರದ್ದೂ ಒಂದೇ ಬೀಜ, ಎಲ್ಲರದ್ದೂ ಒಂದೇ ಸಂಖ್ಯೆ. ಮತ್ತೆ ಒಟ್ಟಿಗೇ ಏಳುತ್ತವೆ. ಬೀಜಕ್ಕೆ ಮೋಡೆಮ್‌ನ ಸೀರಿಯಲ್ ನಂಬರ್ ಕೊಡಿ. ಸಾಧ್ಯವಾದರೆ ಪಂಪ್ ಮೋಡೆಮ್‌ಗಳಿಗೆ 12 ವೋಲ್ಟಿನ ಬ್ಯಾಟರಿ ಮತ್ತು ಸಣ್ಣ ಸೋಲಾರ್ ಪ್ಲೇಟ್ ಹಾಕಿ, ಲೈನ್ ಹೋದಾಗ ಮೋಡೆಮ್ ಸಾಯುವುದೇ ಇಲ್ಲ. ಮಧ್ಯದ ಮೋಡೆಮ್ ಸತ್ತರೆ ಅದರ ಮೂಲಕ ಹೋಗುವವರಿಗೂ ದಾರಿ ಇಲ್ಲ, ಅದನ್ನೂ ಮರೆಯಬೇಡಿ.

ಕೊನೆಗೆ ಪಂಪಿನ ಆನ್–ಆಫ್. ಇದಕ್ಕೆ ಪಾಳಿ ಕಾಯಲಾಗದು, ಆದೇಶ ಬೇಕಾದಾಗ ಹೋಗಲಿ. ಅಷ್ಟು ಖಾಲಿ ಚಾನೆಲ್‌ನಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ನಿಮ್ಮ ಸಾಫ್ಟ್‌ವೇರಿನ ಟೈಮ್‌ಔಟ್‌ನಲ್ಲಿ. ಮೋಡ್‌ಬಸ್ (ಯಂತ್ರಗಳಿಗೆ ಪ್ರಶ್ನೆ ಕೇಳಿ ಉತ್ತರ ಪಡೆಯುವ ಪದ್ಧತಿ) ಬಳಸುತ್ತಿದ್ದರೆ ಅದು 1 ಸೆಕೆಂಡ್ ಇರಬಹುದು. 5 ಹಾಪ್ ದೂರದ ಪಂಪಿಗೆ ಹೋಗಿ ಬರಲು, ಒಂದೂ ರೀಟ್ರೈ ಆಗದಿದ್ದರೂ 1.2 ಸೆಕೆಂಡ್ ಬೇಕು. ಪ್ರತಿ ಹಾಪ್‌ನಲ್ಲಿ ಒಂದೊಂದು ರೀಟ್ರೈ ಆದರೆ 2.4. ಸಾಫ್ಟ್‌ವೇರ್ 1 ಸೆಕೆಂಡಿಗೇ ಉತ್ತರ ಬರಲಿಲ್ಲ ಅಂತ ಮತ್ತೆ ಕೇಳುತ್ತದೆ, ಆ ಹೊಸ ಪ್ರಶ್ನೆ ಹಳೆಯ ಉತ್ತರಕ್ಕೆ ಎದುರು ಹೋಗಿ ಡಿಕ್ಕಿ ಹೊಡೆಯುತ್ತದೆ. ಟೈಮ್‌ಔಟನ್ನು 5 ಸೆಕೆಂಡ್ ಮಾಡಿ. ಇನ್ನು ಆಫ್ ಆದೇಶ ತಲುಪಲೇ ಇಲ್ಲ ಅಂದರೆ ಪಂಪ್ ಒಣ ಓಡಬಾರದು. ಸ್ಟಾರ್ಟರ್‌ನಲ್ಲೇ ಡ್ರೈ ರನ್ ರಕ್ಷಣೆ ಇರಲಿ, ಜೊತೆಗೆ ಗೇಟ್‌ವೇಯಿಂದ 30 ನಿಮಿಷ ಯಾವ ಸುದ್ದಿಯೂ ಬಾರದಿದ್ದರೆ ತಾನೇ ನಿಲ್ಲುವ ಟೈಮರ್ ಹಾಕಿಸಿ.